ಮನೆಗೊಂದು ಕ್ಯಾಮೆರಾ

ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ‘ಇದು ಎಷ್ಟು ಮೆಗಾಪಿಕ್ಸೆಲ್?’ ಎಂಬುದು. ಅಂಗಡಿಯವರು ಮೊದಲು ಹೇಳುವ ಮಾತೂ ಅದೇ. ರಾಗಿಯನ್ನು ಸೇರಿನಲ್ಲಿ ಅಳೆದಂತೆ ಕ್ಯಾಮೆರಾವನ್ನು ಮೆಗಾಪಿಕ್ಸೆಲ್ಲಿನಲ್ಲಿ ಅಳೆದುಬಿಡಬಹುದೆಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಉಂಟು. ಮದುವೆಯ ಚಿತ್ರ ತೆಗೆಯುವ ವೃತ್ತಿಯವರಿಗೂ, ಕಾಡು ಅಲೆದು ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸಿಗಳಿಗೂ ಬೇಕಾದ ಸಲಕರಣೆಗಳನ್ನು ಕುರಿತು ಬರೆಯುವ ಯೋಗ್ಯತೆ ನನಗಿಲ್ಲ. ಅದು ಈ ಲೇಖನದ ಉದ್ದೇಶವೂ ಅಲ್ಲ. ಅಜ್ಜಿ, ಅಪ್ಪ, ಅಮ್ಮ, ಅಕ್ಕನ ಮಗು ಇವರ ಚಿತ್ರಗಳನ್ನು ಮನೆಯಲ್ಲಿಯೇ ತೆಗೆದಿಟ್ಟುಕೊಳ್ಳಲು ಅಂಗೈಯಲ್ಲಿ ಹಿಡಿಯುವಂಥ ಒಂದು ಸಾಧಾರಣ ಕ್ಯಾಮೆರಾವನ್ನು ಹೇಗೆ ಆರಿಸಬೇಕೆಂಬುದಷ್ಟೇ ಇಲ್ಲಿನ ವಿಚಾರ.

ಈ ಕೆಲಸ ನನ್ನ ಪಾಲಿಗೆ ಬಂದುದಕ್ಕೆ ಕಾರಣ ನಾನು ಬಿ.ಎ. ಓದುತ್ತಿರುವುದು. ನಮ್ಮದು ತಿಪಟೂರಿನ ಕಡೆಯ ಹಳ್ಳಿ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದುದರಿಂದ ಕರೆಂಟಿನ ಬಿಲ್ಲಿನಿಂದ ಹಿಡಿದು ಔಷಧದ ಸೀಸೆಯವರೆಗೆ ಓದಿ ಹೇಳತಕ್ಕದ್ದೆಲ್ಲವೂ ನನ್ನ ಹೊಣೆ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಎಂಟು ಸಾವಿರ ರೂಪಾಯಿ ಬೇರೆ ತೆಗೆದಿಟ್ಟು ಅಪ್ಪ, ‘ನೀನು ಓದಿದೋಳು ಕಣಮ್ಮ, ನೀನೇ ನೋಡಿ ಒಂದು ತಗೊಂಬಾ’ ಎಂದರು. ಇತಿಹಾಸ ಮತ್ತು ಅರ್ಥಶಾಸ್ತ್ರ ಓದಿದವರಿಗೆ ಮಸೂರದ ವಿಷಯ ತಿಳಿದಿರಬೇಕಾಗಿಲ್ಲವೆಂದು ಅವರಿಗೆ ಹೇಳುವುದು ಹೇಗೆ? ಎರಡು ತಿಂಗಳು ಕಾಲೇಜಿನ ಪುಸ್ತಕಾಲಯದಲ್ಲಿ ಹುಡುಕಿ, ಭೌತಶಾಸ್ತ್ರ ಬಲ್ಲವರನ್ನು ಕೇಳಿ, ಅಂಗಡಿಗಳಲ್ಲಿ ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಅಪ್ಪ ಹಣ ತೆಗೆದಿಟ್ಟುದಕ್ಕೂ ಕಾರಣವಿತ್ತು. ಮೂರು ವರ್ಷಗಳ ಹಿಂದೆ ಅಜ್ಜ ತೀರಿಕೊಂಡಾಗ ಹನ್ನೊಂದನೆಯ ದಿನದ ಕಾರ್ಯಕ್ಕೆ ಇಡಲು ಮನೆಯಲ್ಲಿ ಅವರ ಒಂದು ಭಾವಚಿತ್ರವಿರಲಿಲ್ಲ. ಮತದಾರರ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆರಳಿನಷ್ಟು ಚಿತ್ರವನ್ನು ಪೇಟೆಯ ಸ್ಟುಡಿಯೋದಲ್ಲಿ ಕೊಟ್ಟೆವು. ಅವರು ಅದನ್ನು ಹಿಗ್ಗಿಸಿ, ಮಸಕಾದುದನ್ನು ತಿದ್ದಿ, ನೀಲಿ ಹಿನ್ನೆಲೆ ಹಾಕಿ, ಮೈಗೆ ಒಂದು ಕೋಟನ್ನೂ ತೊಡಿಸಿ ಕೊಟ್ಟರು. ಅಜ್ಜ ಬದುಕಿದ್ದಷ್ಟು ದಿನವೂ ಕೋಟು ತೊಟ್ಟವರಲ್ಲ. ಗೋಡೆಯ ಮೇಲಿನ ಆ ಚಿತ್ರವನ್ನು ನೋಡಿದಾಗಲೆಲ್ಲ ಅಜ್ಜಿ, ‘ಯಾರೋ ಸಾಹೇಬರ ಥರ ಅವ್ರೆ’ ಎನ್ನುತ್ತಾರೆ. ಅಜ್ಜಿಗೆ ಈಗ ಎಂಬತ್ತು ದಾಟಿದೆ.

ಫೋನಿನಲ್ಲಿಯೇ ಕ್ಯಾಮೆರಾ ಇರುವಾಗ ಬೇರೊಂದೇಕೆ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈಗಿನ ಒಳ್ಳೆಯ ಫೋನುಗಳು ಅನೇಕ ಸಣ್ಣ ಕ್ಯಾಮೆರಾಗಳಿಗಿಂತ ಚೆನ್ನಾಗಿ ಚಿತ್ರ ತೆಗೆಯುತ್ತವೆ. ಅಂಥ ಫೋನು ಮನೆಯವರೆಲ್ಲರ ಕೈಗೂ ಸಿಗುವಂತಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಆದರೆ ನಮ್ಮಂಥ ಮನೆಗಳಲ್ಲಿ ಫೋನು ಮನೆಯದಲ್ಲ, ಒಬ್ಬೊಬ್ಬರದು. ಅಣ್ಣನ ಫೋನು ಅಣ್ಣನೊಡನೆ ಪೀಣ್ಯದ ಕಾರ್ಖಾನೆಗೆ ಹೋಗುತ್ತದೆ. ನನ್ನದು ನನ್ನೊಡನೆ ಹಾಸ್ಟೆಲಿಗೆ ಬರುತ್ತದೆ. ಅಜ್ಜಿ ಜಗಲಿಯಲ್ಲಿ ಕುಳಿತು ಮಗುವಿಗೆ ಕಥೆ ಹೇಳುವ ಮಧ್ಯಾಹ್ನದಲ್ಲಿ ಮನೆಯಲ್ಲಿರುವವರು ಅಮ್ಮ, ಅಕ್ಕ ಇಬ್ಬರೇ. ಅವರ ಕೈಯಲ್ಲಿರುವುದು ಗುಂಡಿಗಳ ಹಳೆಯ ಫೋನು. ಅಣ್ಣನ ಹಿಂದಿನ ಫೋನು ನೀರಿಗೆ ಬಿದ್ದಾಗ ಮಗುವಿನ ಮೊದಲ ವರ್ಷದ ಚಿತ್ರಗಳೆಲ್ಲವೂ ಅದರೊಡನೆಯೇ ಹೋದವು. ಒರಳು, ಗಡಿಯಾರ, ಪಂಚಾಂಗ ಇವು ಹೇಗೆ ಮನೆಗೆ ಸೇರಿದವೋ ಹಾಗೆ ಕ್ಯಾಮೆರಾವೂ ಮನೆಗೇ ಸೇರಿದ್ದಾಗಿ, ಗೂಡಿನಲ್ಲಿ ಕುಳಿತು, ಬೇಕೆಂದಾಗ ಯಾರ ಕೈಗಾದರೂ ಸಿಗಬೇಕು. ನನ್ನ ಮಟ್ಟಿಗೆ ಆಯ್ಕೆಯ ಮೊದಲ ಸೂತ್ರ ಇದೇ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓದಿದವರು ಹಿಡಿದು ಒತ್ತಬಲ್ಲ ಕ್ಯಾಮೆರಾವೇ ಆ ಮನೆಗೆ ತಕ್ಕ ಕ್ಯಾಮೆರಾ.

ಈ ಸೂತ್ರ ಹೊಸದೇನೂ ಅಲ್ಲ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾವನ್ನು ಮಾರಾಟಕ್ಕೆ ತಂದಾಗ ಅದರೊಳಗೆ ನೂರು ಚಿತ್ರಗಳಿಗಾಗುವಷ್ಟು ಫಿಲ್ಮನ್ನು ಸುತ್ತಿಟ್ಟಿದ್ದನು. ಕೊಂಡವರು ಗುಂಡಿ ಒತ್ತುವುದು, ಫಿಲ್ಮು ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸುವುದು, ಇಷ್ಟೇ ಕೆಲಸ. ಆದರೆ ಬೆಲೆ 25 ಡಾಲರು. 1900ರಲ್ಲಿ ಅದೇ ಸಂಸ್ಥೆ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆಯ ಕ್ಯಾಮೆರಾವನ್ನು ಒಂದೇ ಡಾಲರಿಗೆ ಕೊಟ್ಟಿತು. ಮಕ್ಕಳೂ ಬಳಸಲೆಂದು ಮಾಡಿದ್ದು ಅದು. ನಮ್ಮ ದೇಶದಲ್ಲಿ ಅಂಥ ಸ್ಥಾನ ಪಡೆದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ 3’. ಒಂದು ಸುರುಳಿ ಫಿಲ್ಮಿಗೆ ಆರು ಸೆಂಟಿಮೀಟರು ಚೌಕದ ಹನ್ನೆರಡು ಚಿತ್ರಗಳು. ಅದರ ಕಪ್ಪು ಪೆಟ್ಟಿಗೆಯನ್ನು ಕೆಲವರ ಮನೆಯ ಅಟ್ಟದಲ್ಲಿ ಈಗಲೂ ನೋಡಬಹುದು. ಫಿಲ್ಮನ್ನು ದೇಶದಲ್ಲಿಯೇ ತಯಾರಿಸಲೆಂದು 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರೀ ಕಾರ್ಖಾನೆ ಸ್ಥಾಪನೆಯಾಯಿತು. ಫಿಲ್ಮಿನ ಕಾಲ ಕಳೆದು ಅದೂ ಮುಚ್ಚಿಹೋಯಿತು.

ಹಳೆಯ ಕುಟುಂಬದ ಚಿತ್ರಗಳನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಎಲ್ಲರೂ ಅಂಗಳದಲ್ಲಿ ಬಿಸಿಲಿಗೆ ಮುಖವೊಡ್ಡಿ, ಕಣ್ಣು ಕಿರಿದು ಮಾಡಿ, ನೆಟ್ಟಗೆ ನಿಂತಿರುತ್ತಾರೆ. ನಮ್ಮ ಹಿರಿಯರಿಗೆ ನಗಲು ಬರುತ್ತಿರಲಿಲ್ಲವೆಂದು ಇದಕ್ಕೆ ಅರ್ಥವಲ್ಲ. ಪೆಟ್ಟಿಗೆ ಕ್ಯಾಮೆರಾದ ಮಸೂರದ ದ್ವಾರ ಕಿರಿದು, ಶಟರಿನ ವೇಗ ಒಂದೇ, ಅಂದಿನ ಫಿಲ್ಮಿನ ಗ್ರಹಣಶಕ್ತಿಯೂ ಅಲ್ಪ. ಬಿಸಿಲಿಲ್ಲದೆ ಅದು ಕುರುಡು. ಹೀಗಾಗಿ ಆ ಕಾಲದ ಮನೆಯ ಚಿತ್ರಗಳಲ್ಲಿ ಮನೆಯ ಒಳಗಡೆ ಕಾಣಿಸುವುದು ಅಪರೂಪ. ಒಲೆಯ ಮುಂದಿನ ಅಮ್ಮಂದಿರು, ತೊಟ್ಟಿಲ ಬಳಿಯ ಅಜ್ಜಿಯರು ಬಾಗಿಲು ದಾಟಿ ಬಿಸಿಲಿಗೆ ಬಂದರಷ್ಟೇ ಚಿತ್ರಕ್ಕೆ ಸಿಕ್ಕುತ್ತಿದ್ದರು.

ಕ್ಯಾಮೆರಾದ ಆಯ್ಕೆಯಲ್ಲಿ ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮಧ್ಯಾಹ್ನದ ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ, ಒಂದು ಬಲ್ಬು ಉರಿಯುವ ನಡುಮನೆಯಲ್ಲಿ ಇರುವುದು ಸುಮಾರು ನೂರು ಲಕ್ಸ್. ಎಂದರೆ ಸಾವಿರದಲ್ಲೊಂದು ಪಾಲು! ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಬಿಸಿಲಿನಲ್ಲಿ ಯಾವ ಕ್ಯಾಮೆರಾ ಆದರೂ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ. ಅಂಗಡಿಯ ಥಳಥಳಿಸುವ ದೀಪಗಳ ಕೆಳಗೂ ಎಲ್ಲ ಕ್ಯಾಮೆರಾಗಳೂ ಜಾಣವಾಗಿಯೇ ಕಾಣುತ್ತವೆ. ಹೆಂಚಿನ ಮನೆಯ ಮಬ್ಬಿನಲ್ಲಿಯೇ ಅವುಗಳ ಯೋಗ್ಯತೆ ಹೊರಬೀಳುವುದು.

ಮಸೂರದ ಸುತ್ತ ‘ಎಫ್’ ಸಂಖ್ಯೆ ಎಂದು ಕರೆಯುವ ಒಂದು ಸಂಖ್ಯೆ ಮುದ್ರಿತವಾಗಿರುತ್ತದೆ. ಬೆಳಕು ಒಳಗೆ ಬರುವ ಬಾಗಿಲಿನ ಅಳತೆ ಅದು. ಮಾಡಿನಲ್ಲಿರುವ ಗವಾಕ್ಷಿ ದೊಡ್ಡದಾದಷ್ಟೂ ಮನೆ ಬೆಳಗುವಂತೆ ಇಲ್ಲಿಯೂ ಬಾಗಿಲು ದೊಡ್ಡದಿದ್ದಷ್ಟೂ ಒಳ್ಳೆಯದು. ಆದರೆ ಲೆಕ್ಕ ತಿರುಗುಮುರುಗು. ಸಂಖ್ಯೆ ಚಿಕ್ಕದಾದಂತೆ ಬಾಗಿಲು ದೊಡ್ಡದಾಗುತ್ತದೆ. ಎಫ್/2.8ರಲ್ಲಿ ಬರುವ ಬೆಳಕಿನ ಕಾಲು ಪಾಲು ಮಾತ್ರ ಎಫ್/5.6ರಲ್ಲಿ ಬರುತ್ತದೆ; ಎಫ್/2ರಲ್ಲಿ ಅದರ ಎರಡರಷ್ಟು ಬರುತ್ತದೆ. ಇದರ ಫಲವೇನೆಂದರೆ, ಮೇಲೆ ಹೇಳಿದ ನಡುಮನೆಯ ಬೆಳಕಿನಲ್ಲಿ, ಕ್ಯಾಮೆರಾದ ಗ್ರಹಣಶಕ್ತಿಯನ್ನು ಐ.ಎಸ್.ಓ. 800ಕ್ಕೆ ಇಟ್ಟರೆ, ಎಫ್/5.6ರ ಮಸೂರ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಕಣ್ಣು ತೆರೆದಿರಬೇಕಾಗುತ್ತದೆ. ಎಫ್/2.8ಕ್ಕೆ ನಲವತ್ತನೆಯ ಒಂದು ಭಾಗ ಸಾಕು, ಎಫ್/2ಕ್ಕೆ ಎಂಬತ್ತನೆಯ ಒಂದು ಭಾಗ ಸಾಕು. ಎರಡು ವರ್ಷದ ಮಗು ಸೆಕೆಂಡಿನ ಹತ್ತನೆಯ ಒಂದು ಭಾಗ ಅಲುಗದೆ ಕುಳಿತದ್ದನ್ನು ನಾನಂತೂ ನಿದ್ದೆಯ ಹೊರತು ಬೇರೆಲ್ಲಿಯೂ ಕಂಡಿಲ್ಲ. ಮನೆಯ ಚಿತ್ರಗಳು ಕಲೆಸಿದಂತೆ ಬರುವುದಕ್ಕೆ ತೆಗೆದವರ ಕೈ ನಡುಗಿದ್ದೇ ಕಾರಣವೆಂದು ಅವರನ್ನು ಗದರಿಸುವವರು ಈ ಲೆಕ್ಕವನ್ನು ನೋಡಬೇಕು.

ಇನ್ನು ಬಾಗಿಲಿನಿಂದ ಬಂದ ಬೆಳಕು ಬೀಳುವ ಪಟಲದ ವಿಚಾರ. ಇದನ್ನು ಸೆನ್ಸರ್ ಎನ್ನುತ್ತಾರೆ. ಫಿಲ್ಮು ಇದ್ದ ಜಾಗದಲ್ಲಿ ಈಗ ಇರುವುದು ಇದೇ. ಅಗ್ಗದ ಸಣ್ಣ ಕ್ಯಾಮೆರಾಗಳಲ್ಲಿ ‘1/2.3 ಅಂಗುಲ’ವೆಂದು ಬರೆದಿರುವ ಸೆನ್ಸರಿನ ನಿಜವಾದ ಅಳತೆ ಸುಮಾರು 6.2 ಮಿಲಿಮೀಟರು ಉದ್ದ, 4.6 ಮಿಲಿಮೀಟರು ಅಗಲ, ಒಂದು ಕಡಲೆಕಾಳಿನಷ್ಟು. ‘1 ಅಂಗುಲ’ವೆಂದು ಕರೆಯುವುದು 13.2 ಮತ್ತು 8.8 ಮಿಲಿಮೀಟರು, ಹುಣಸೆಬೀಜದಷ್ಟು. ಯಾವುದೂ ಹೆಸರಿನಲ್ಲಿರುವ ಅಂಗುಲಕ್ಕೆ ಸರಿಹೊಂದುವುದಿಲ್ಲ. ಬಹುಶಃ ವ್ಯಾಪಾರದ ಅಂಗುಲವೇ ಬೇರೆಯಿರಬೇಕು. ಆದರೂ ಎರಡನೆಯದರ ವಿಸ್ತೀರ್ಣ ಮೊದಲನೆಯದರ ನಾಲ್ಕರಷ್ಟಿದೆ. ಮಳೆ ಬರುವಾಗ ಅಂಗಳದಲ್ಲಿ ಲೋಟ ಇಟ್ಟವರಿಗಿಂತ ಹಂಡೆ ಇಟ್ಟವರಿಗೆ ಹೆಚ್ಚು ನೀರು ಸಿಕ್ಕುವಂತೆ, ದೊಡ್ಡ ಸೆನ್ಸರಿಗೆ ಹೆಚ್ಚು ಬೆಳಕು ಸಿಕ್ಕುತ್ತದೆ, ಮಬ್ಬಿನಲ್ಲಿ ಚಿತ್ರ ಕಾಳುಕಾಳಾಗುವುದು ಕಡಿಮೆಯಾಗುತ್ತದೆ.

ಮೆಗಾಪಿಕ್ಸೆಲ್ ಎಂದರೆ ಇದೇ ಪಟಲವನ್ನು ಎಷ್ಟು ಲಕ್ಷ ಚೌಕಗಳಾಗಿ ಹಂಚಿದ್ದಾರೆ ಎಂಬ ಲೆಕ್ಕ, ಅಷ್ಟೇ. ಒಂದೇ ಹೊಲವನ್ನು ಹೆಚ್ಚು ಪಾಲು ಮಾಡಿದರೆ ಹೊಲ ಬೆಳೆಯುವುದಿಲ್ಲ; ಪಾಲುಗಳು ಚಿಕ್ಕವಾಗುತ್ತವೆ. ಕುಟುಂಬದ ಆಲ್ಬಮ್ಮಿಗೆ ಹಾಕುವ ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಪಟಕ್ಕೆ, ಅಂಗುಲಕ್ಕೆ 300 ಚುಕ್ಕೆಗಳಂತೆ, ಬೇಕಾಗುವುದು 1200 ಗುಣಿಸು 1800, ಎಂದರೆ 21 ಲಕ್ಷದ 60 ಸಾವಿರ ಚುಕ್ಕೆಗಳು. ಎರಡೂಕಾಲು ಮೆಗಾಪಿಕ್ಸೆಲ್ ಕೂಡ ಆಗಲಿಲ್ಲ! ಗೋಡೆಗೆ ಹಾಕುವ ಎಂಟು ಅಂಗುಲ, ಹತ್ತು ಅಂಗುಲದ ಪಟಕ್ಕೂ 72 ಲಕ್ಷ ಸಾಕು. ಇದನ್ನು ತಯಾರಕರೂ ಬಲ್ಲರು. 2008ರಲ್ಲಿ ಬಂದ ಕ್ಯಾನನ್ ಸಂಸ್ಥೆಯ ಜಿ10 ಎಂಬ ಮಾದರಿಯಲ್ಲಿ 14.7 ಮೆಗಾಪಿಕ್ಸೆಲ್ ಇದ್ದಿತು; ಮರುವರ್ಷದ ಜಿ11ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಮಬ್ಬು ಬೆಳಕಿನಲ್ಲಿ ಚಿತ್ರ ಉತ್ತಮವಾಗಲೆಂದೇ ಹೀಗೆ ಮಾಡಿದ್ದು. ಅದೇ ವರ್ಷ ಬಂದ ಎಸ್90 ಎಂಬ ಜೇಬಿನ ಮಾದರಿಗೆ ಎಫ್/2ರ ಮಸೂರವನ್ನೂ ಕೊಟ್ಟರು. 2012ರಲ್ಲಿ ಸೋನಿ ಸಂಸ್ಥೆ ಒಂದಂಗುಲದ ಸೆನ್ಸರನ್ನು ಆರ್.ಎಕ್ಸ್.100 ಎಂಬ ಜೇಬಿನ ಕ್ಯಾಮೆರಾದಲ್ಲಿ ಇರಿಸಿತು. ಅದರ ಬೆಲೆ ನಮ್ಮ ಕೊಬ್ಬರಿಯ ಲೆಕ್ಕಕ್ಕೆ ಸಿಕ್ಕುವಂಥದಲ್ಲ.

ಹಿಗ್ಗಿಸಿ ತೋರಿಸುವ ಶಕ್ತಿ, ಎಂದರೆ ಝೂಮ್, ಅಂಗಡಿಯವರ ಎರಡನೆಯ ಮೋಹಕ ಸಂಖ್ಯೆ. ಇಪ್ಪತ್ತು ಪಟ್ಟು, ಮೂವತ್ತು ಪಟ್ಟು ಎನ್ನುತ್ತಾರೆ. ಮನೆಯೊಳಗೆ ಹತ್ತು ಅಡಿ ದೂರದಲ್ಲಿ ಕುಳಿತ ಅಜ್ಜಿಗೆ ಮೂವತ್ತು ಪಟ್ಟು ಏತಕ್ಕೆ? ಅಷ್ಟೇ ಅಲ್ಲ, ಹಿಗ್ಗಿಸುತ್ತ ಹೋದಂತೆ ಮಸೂರದ ಬಾಗಿಲು ತಾನೇ ಕಿರಿದಾಗುತ್ತದೆ, ಮೊದಲಲ್ಲಿ ಎಫ್/2.8 ಇದ್ದುದು ಕೊನೆಯಲ್ಲಿ ಎಫ್/5.9 ಆಗಬಹುದು. ಆದುದರಿಂದಲೇ ಮಸೂರದ ಮೇಲೆ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಓದತಕ್ಕದ್ದು. ಡಿಜಿಟಲ್ ಝೂಮ್ ಎಂಬುದಂತೂ ತೆಗೆದ ಚಿತ್ರದ ಅಂಚು ಕತ್ತರಿಸಿ ಉಳಿದುದನ್ನು ಹಿಗ್ಗಿಸುವುದು. ಅಜ್ಜನ ಗುರುತಿನ ಚೀಟಿಗೆ ಸ್ಟುಡಿಯೋದವರು ಮಾಡಿದ್ದೂ ಅದೇ. ಮೂರು ನಾಲ್ಕು ಪಟ್ಟು ಝೂಮ್ ಇದ್ದರೆ ಬೇಕಾದಷ್ಟಾಯಿತು. ಅದನ್ನು ಸ್ವಲ್ಪ ಬಳಸುವುದು ಮುಖಗಳಿಗೆ ಒಳ್ಳೆಯದು ಕೂಡ. ತೀರ ಹತ್ತಿರ ಹೋಗಿ ತೆಗೆದರೆ ಕ್ಯಾಮೆರಾಕ್ಕೆ ಹತ್ತಿರವಾದ ಮೂಗು ದಪ್ಪನಾಗಿಯೂ, ದೂರದ ಕಿವಿಗಳು ಸಣ್ಣವಾಗಿಯೂ ಬರುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು, ಸ್ವಲ್ಪ ಹಿಗ್ಗಿಸಿ ತೆಗೆದರೆ ಮುಖ ನಾವು ಬಲ್ಲ ಮುಖವಾಗಿಯೇ ಇರುತ್ತದೆ.

ಫ್ಲಾಷ್ ಎಂಬ ಮಿಂಚುದೀಪ ಇದ್ದೇ ಇರುತ್ತದೆ. ಅದರ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಮೂರಡಿಯಲ್ಲಿ ನಿಂತವರಿಗೆ ಬೀಳುವುದರ ಒಂಬತ್ತನೆಯ ಒಂದು ಪಾಲು ಒಂಬತ್ತಡಿಯಲ್ಲಿ ನಿಂತವರಿಗೆ. ಮುಂದಿನ ಸಾಲಿನವರು ಸುಣ್ಣ ಬಳಿದಂತೆಯೂ ಹಿಂದಿನ ಸಾಲಿನವರು ಕತ್ತಲಲ್ಲಿಯೂ ಕಾಣುವುದು ಇದರಿಂದಲೇ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಈ ತೊಂದರೆ ಅರ್ಧ ತಪ್ಪುತ್ತದೆ. ಅದಕ್ಕಿಂತ ಮೇಲಾದುದು ಜಗಲಿ. ಬೆಳಗಿನ ಎಂಟು ಗಂಟೆಗೆ ಮಾಡಿನ ನೆರಳಲ್ಲಿ, ಅಂಗಳದ ಕಡೆ ಮುಖ ಮಾಡಿ ಕುಳಿತವರ ಮೇಲೆ ಬೀಳುವ ಬೆಳಕಿಗೆ ಸಮನಾದುದನ್ನು ಯಾವ ದೀಪವೂ ಕೊಡಲಾರದು. ನಾವು ಕೊಳ್ಳುವ ಕ್ಯಾಮೆರಾದಲ್ಲಿ ಮಿಂಚುದೀಪವನ್ನು ಒಂದೇ ಗುಂಡಿಯಿಂದ ಆರಿಸಿಡಲು ಬರುತ್ತದೆಯೇ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಳ್ಳಬೇಕು.

ಕೈಯ ವಿಚಾರ ಉಳಿಯಿತು. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳುವುದಕ್ಕೆ ಹಳೆಯ ಡಿಜಿಟಲ್ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಒಂದು ಕ್ಷಣ ತಡವಾಗುತ್ತದೆ. ಅಷ್ಟರಲ್ಲಿ ನಗು ಮುಗಿದಿರುತ್ತದೆ. ಈ ತಡದಲ್ಲಿ ಹೆಚ್ಚಿನ ಪಾಲು ದೂರವನ್ನು ಹೊಂದಿಸಿಕೊಳ್ಳುವುದಕ್ಕೇ ಹೋಗುತ್ತದೆ. ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಹಸಿರು ಚೌಕ ಕಂಡ ಮೇಲೆ ಪೂರ್ತಿ ಒತ್ತಿದರೆ ಆ ತಡ ಬಹುಮಟ್ಟಿಗೆ ನೀಗುತ್ತದೆ. ಅಮ್ಮನಿಗೆ ಇದನ್ನು ಹೇಳಿಕೊಡಲು ನನಗೆ ಹಿಡಿದದ್ದು ಐದು ನಿಮಿಷ. ‘ಇಡ್ಲಿ ಬೆಂದಿದೆಯೋ ಇಲ್ಲವೋ ನೋಡಿ ಆಮೇಲೆ ಇಳಿಸಿದಂಗೆ’ ಎಂದು ಅವರೇ ಉಪಮೆಯನ್ನೂ ಕೊಟ್ಟರು. ಮೇಲ್ಗಡೆಯ ತಿರುಗುಣಿಯಲ್ಲಿ ಹಸಿರು ಗುರುತಿನ ‘ಆಟೋ’ ಒಂದಿದ್ದು ಅದು ಅಲ್ಲಿಯೇ ನಿಲ್ಲುವಂತಿರಬೇಕು, ಹತ್ತು ಸೆಕೆಂಡು ಬಿಟ್ಟು ತಾನೇ ಚಿತ್ರ ತೆಗೆಯುವ ಟೈಮರು ಸುಲಭವಾಗಿ ಸಿಗುವಂತಿರಬೇಕು. ಟೈಮರ್ ಇಲ್ಲದಿದ್ದರೆ ಚಿತ್ರ ತೆಗೆಯುವವರು ಎಂದೂ ಚಿತ್ರದಲ್ಲಿ ಬರುವುದಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಸಾಮಾನ್ಯ ಜನರ ದಿನದಿನದ ಬದುಕಿನ ಚಿತ್ರಗಳಿಂದ ಪ್ರಸಿದ್ಧರಾದವರು. ಅಂಥ ಚಿತ್ರಗಳನ್ನು ನೋಡಿದ ಮೇಲೆ, ನಿಲ್ಲಿಸಿ ತೆಗೆದ ಚಿತ್ರಕ್ಕಿಂತ ಕೆಲಸದಲ್ಲಿರುವಾಗ ತೆಗೆದ ಚಿತ್ರದಲ್ಲಿಯೇ ಮನುಷ್ಯರು ಹೆಚ್ಚಾಗಿ ಇರುತ್ತಾರೆಂದು ನನಗೆ ತೋರಿತು. ಹಾಗೆ ತೆಗೆಯಬಲ್ಲವರು ಹೊರಗಿನಿಂದ ಬಂದವರಲ್ಲ, ಜೊತೆಯಲ್ಲಿಯೇ ಇರುವವರು.

ಹೊಸತೇ, ಹಳೆಯದೇ ಎಂಬುದು ಹಣದ ಪ್ರಶ್ನೆ. 2010ರಲ್ಲಿ ಜಪಾನಿನ ತಯಾರಕರು ಇಂಥ ಸಣ್ಣ ಕ್ಯಾಮೆರಾಗಳನ್ನು ಹತ್ತು ಕೋಟಿಗೂ ಮೇಲ್ಪಟ್ಟು ಮಾರುಕಟ್ಟೆಗೆ ಕಳುಹಿಸಿದ್ದರು. 2023ರಲ್ಲಿ ಆ ಸಂಖ್ಯೆ ಇಪ್ಪತ್ತು ಲಕ್ಷವನ್ನೂ ಮುಟ್ಟಲಿಲ್ಲ. ಕಡಿಮೆ ಬೆಲೆಯ ಹೊಸ ಮಾದರಿಗಳು ಹೀಗೆ ವಿರಳವಾದವು. ಆದರೆ ಅಂದು ಕೊಂಡ ಕೋಟಿಗಟ್ಟಲೆ ಕ್ಯಾಮೆರಾಗಳು ಎಲ್ಲಿಯೋ ಇರಬೇಕಷ್ಟೆ. ಕೈ ಬದಲಾದ ಕ್ಯಾಮೆರಾ ಕೊಳ್ಳುವವರು ಮೊದಲು ನೋಡಬೇಕಾದುದು ಕಾರ್ಡು. ಕೆಲವು ಹಳೆಯ ಮಾದರಿಗಳಿಗೆ ಎಕ್ಸ್.ಡಿ. ಕಾರ್ಡು, ಮೆಮೊರಿ ಸ್ಟಿಕ್ ಎಂಬ ಬೇರೆಯೇ ಜಾತಿಯವು ಬೇಕು. ಅವು ಈಗ ದೊರೆಯುವುದು ಕಷ್ಟ. ಎಸ್.ಡಿ. ಕಾರ್ಡು ಹಿಡಿಯುವುದನ್ನೇ ಕೊಳ್ಳಬೇಕು. ಅದರಲ್ಲಿಯೂ 2006ಕ್ಕೆ ಹಿಂದಿನ ಮಾದರಿಗಳು ಸಾಮಾನ್ಯವಾಗಿ 2 ಜಿ.ಬಿ.ಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ಆಮೇಲೆ ಬ್ಯಾಟರಿಯನ್ನು ಹೊರತೆಗೆದು ಮೇಜಿನ ಮೇಲಿಡಬೇಕು. ಉಬ್ಬಿದ್ದರೆ ಬುಗುರಿಯಂತೆ ತಿರುಗುತ್ತದೆ. ಅದೇ ಬಗೆಯ ಬೇರೆ ಬ್ಯಾಟರಿ ಸಿಗುವುದೋ ಎಂದು ವಿಚಾರಿಸಬೇಕು. ಮಸೂರವನ್ನು ಓರೆಯಾಗಿ ಹಿಡಿದು ಟಾರ್ಚು ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಒಳಗೆ ಬೂಷ್ಟು ಹಿಡಿದಿದೆಯೆಂದು ತಿಳಿದು ಎಷ್ಟು ಅಗ್ಗವಾದರೂ ಬಿಡಬೇಕು. ಮಲೆನಾಡಿನ ಮತ್ತು ಕರಾವಳಿಯ ಗೆಳತಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಮುಚ್ಚಿಡುವುದಕ್ಕಿಂತ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಕ್ಷೇಮ.

ನಾವು ಕೊನೆಗೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡದ್ದು ಹತ್ತು ಮೆಗಾಪಿಕ್ಸೆಲ್ಲಿನ, ಎಫ್/2ರ ಮಸೂರದ, ಅಂಚು ಸ್ವಲ್ಪ ಸವೆದ ಒಂದು ಹಳೆಯ ಕ್ಯಾಮೆರಾ. ಏಳು ಸಾವಿರದ ಇನ್ನೂರು ರೂಪಾಯಿ ಆಯಿತು. ಉಳಿದ ಎಂಟುನೂರನ್ನು ಚಿತ್ರಗಳನ್ನು ಅಚ್ಚು ಹಾಕಿಸುವುದಕ್ಕೆ ಇಟ್ಟೆವು. ಇದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸದೆ ಕ್ಯಾಮೆರಾ ಕೊಳ್ಳಬಾರದೆಂದು ನನ್ನ ಅಭಿಪ್ರಾಯ. ಕಾರ್ಡಿನಲ್ಲಿ ಉಳಿದ ಚಿತ್ರವನ್ನು ಅಜ್ಜಿ ನೋಡುವುದಿಲ್ಲ. ಕಾಗದದ ಮೇಲಿನದನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾರೆ. ಅಚ್ಚಿಗೆ ಕೊಡುವಾಗ ಒಂದು ಎಚ್ಚರಿಕೆ ಅಗತ್ಯ. ಸಣ್ಣ ಕ್ಯಾಮೆರಾಗಳ ಚಿತ್ರದ ಉದ್ದಗಲಗಳು ಸಾಮಾನ್ಯವಾಗಿ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿರುತ್ತವೆ. ನಾಲ್ಕು ಅಂಗುಲ, ಆರು ಅಂಗುಲದ ಕಾಗದ ಮೂರಕ್ಕೆ ಎರಡು. ಹೊಂದಿಸುವಾಗ ಮೇಲೆ ಕೆಳಗೆ ಕತ್ತರಿ ಬಿದ್ದು ಹಿಂದೆ ನಿಂತ ಎತ್ತರದವರ ತಲೆಯೇ ಹೋಗಬಹುದು. ಕ್ಯಾಮೆರಾದಲ್ಲಿಯೇ ಮೂರಕ್ಕೆ ಎರಡರ ಪ್ರಮಾಣವನ್ನು ಆರಿಸಿಡಲು ಬಂದರೆ ಆರಿಸಿಡಬೇಕು. ಇಲ್ಲದಿದ್ದರೆ ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ತೆಗೆಯಬೇಕು. ಪಟದ ಹಿಂದೆ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಮುಂದುಗಡೆ ಗೆರೆ ಮೂಡುತ್ತದೆ. ಆದಕಾರಣ ಹೆಸರು, ತಾರೀಖುಗಳನ್ನು ಆಲ್ಬಮ್ಮಿನ ಹಾಳೆಯ ಮೇಲೆಯೇ ಬರೆದೆವು. ಮೊದಲ ಕಂತಿನಲ್ಲಿ ಅಚ್ಚು ಹಾಕಿಸಿದ್ದು 24 ಪಟಗಳು. ಅವುಗಳಲ್ಲಿ ಅಜ್ಜಿ ಇರುವವು 11, ಅಮ್ಮ ಇರುವವು 6, ಅಮ್ಮನೇ ತೆಗೆದವು 9.